ಶ್ರೀರಂಗಪಟ್ಟಣದ ಅರಮನೆ ಎಲ್ಲಿಗೆ ಹೋಯ್ತು?

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು, ಓಎಂಆರ್ ದಾಟಿಕೊಂಡು ಇಷ್ಟು ದೂರ ಬಂದಿದೀರಿ. ಇಡ್ಲಿ ಮುಗಿಯೋದ್ರೊಳಗೆ ನನ್ನ ಮಾತು ಮುಗಿಸ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಇತಿಹಾಸ ಓದಿದವನಲ್ಲ. ಹನ್ನೊಂದು ವರ್ಷದಿಂದ ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದೀನಿ. ನಿನ್ನೆ ಇದ್ದದ್ದು ಇವತ್ತು ಇಲ್ಲ ಅಂದ್ರೆ, ಯಾವ ಹಂತದಲ್ಲಿ ಕಳೆದುಹೋಯ್ತು ಅಂತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ ನೋಡೋದು ನನ್ನ ಕಸುಬು. ಅದೇ ಅಭ್ಯಾಸದಲ್ಲಿ ಒಂದು ಕಟ್ಟಡವನ್ನ ಹುಡುಕಿಕೊಂಡು ಹೋದೆ. ಆ ಕಥೆ ಇವತ್ತು.

ನಮ್ಮೂರು ಪಾಂಡವಪುರ ತಾಲ್ಲೂಕು. 2016ರ ಡಿಸೆಂಬರ್‌ನಲ್ಲಿ ಜಯಲಲಿತಾ ತೀರಿಕೊಂಡ ದಿನ ನಿಮಗೆಲ್ಲ ನೆನಪಿರಬಹುದು. ಆಫೀಸು ಮುಚ್ಚಿತ್ತು, ರಸ್ತೆ ಖಾಲಿ. ಆ ವರ್ಷ ಕಾವೇರಿ ಗಲಾಟೆ ಬೇರೆ ಆಗಿತ್ತಲ್ಲ, ಹೊರಗೆ ಹೋಗೋಕೆ ನಮಗೆಲ್ಲ ಸ್ವಲ್ಪ ಅಳುಕು. ಮನೆಯಲ್ಲಿ ಅಮ್ಮ ಇಡೀ ದಿನ ಟಿವಿ ಮುಂದೆ ಕೂತಿದ್ರು. "ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಹುಡುಗಿ ಕಣೋ" ಅಂತ ಕಣ್ಣೊರೆಸಿಕೊಳ್ತಿದ್ರು. ಟಿವಿಯಲ್ಲಿ ಎತ್ತರದ ಮೆಟ್ಟಿಲು, ಅದರ ಮೇಲೆ ಬಿಳೀ ಕಂಬಗಳ ಒಂದು ದೊಡ್ಡ ಕಟ್ಟಡ, ಕೆಳಗೆ ಜನಸಾಗರ. ಅದು ರಾಜಾಜಿ ಹಾಲ್. ಕಾಮರಾಜ್, ಎಂಜಿಆರ್, ಆಮೇಲೆ 2018ರಲ್ಲಿ ಕರುಣಾನಿಧಿ, ಎಲ್ಲರನ್ನೂ ಕೊನೇ ದರ್ಶನಕ್ಕೆ ಇಟ್ಟಿದ್ದು ಅಲ್ಲೇ.

ಇದೇನಿದು ಗ್ರೀಕ್ ದೇವಸ್ಥಾನದ ಥರ ಇದೆಯಲ್ಲ ಅಂತ ಫೋನಿನಲ್ಲಿ ನೋಡಿದೆ. ಕಟ್ಟಿಸಿದ್ದು ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್, ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಮಗ. ಕೆಲಸ ಮುಗಿದಿದ್ದು 1802ರಲ್ಲಿ. ನಕ್ಷೆ ಬರೆದವನು ಜಾನ್ ಗೋಲ್ಡಿಂಗ್‌ಹ್ಯಾಮ್, ಕಂಪನಿಯ ಖಗೋಳಶಾಸ್ತ್ರಜ್ಞ. ಆಗ ಅದು ಗವರ್ನರ್ ಬಂಗಲೆಗೆ ಸೇರಿದ ಔತಣದ ಹಾಲ್. ಕಟ್ಟಡದ ಎರಡು ತುದಿಯಲ್ಲೂ ನೆತ್ತಿಯ ಮೇಲೆ ತ್ರಿಕೋನದ ಮುಖ ಇದೆ, ಅದರಲ್ಲಿ ವಿಜಯದ ಗುರುತು ಅಂತ ಆಯುಧ, ಧ್ವಜಗಳ ಉಬ್ಬುಗಾರೆ. ಒಂದು ಕಡೆ ಪ್ಲಾಸಿ ಗೆದ್ದಿದ್ದಕ್ಕೆ. ಇನ್ನೊಂದು ಕಡೆ ಶ್ರೀರಂಗಪಟ್ಟಣ ಗೆದ್ದಿದ್ದಕ್ಕೆ.

ಇದನ್ನ ಓದಿದಾಗ ಒಂದು ಥರ ಆಯ್ತು. ಮೌಂಟ್ ರೋಡಿನಲ್ಲಿ ಬಸ್ಸಿನಲ್ಲಿ ನೂರು ಸಲ ಆ ಎಸ್ಟೇಟ್ ದಾಟಿದೀನಿ. ನಮ್ಮೂರಿಂದ ಸೈಕಲ್ಲಿನಲ್ಲಿ ಹೋಗ್ತಿದ್ದ ಊರಿನ ಸೋಲು ಅಲ್ಲಿ ಗಾರೆಯಲ್ಲಿ ಕೂತಿದೆ, ನನಗೆ ಗೊತ್ತೇ ಇಲ್ಲ.

ಅಮ್ಮನಿಗೆ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ್ರು: "ಗೆದ್ದವರ ಮನೆ ಇಲ್ಲಿದೆ ಸರಿ. ಸೋತವರ ಅರಮನೆ ಏನಾಯ್ತು? ಪಟ್ಟಣದಲ್ಲಿ ನಾನಂತೂ ನೋಡಿಲ್ಲ."

ಒಳ್ಳೇ ಪ್ರಶ್ನೆ. ನಾವೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ನೋಡೋದು ದರಿಯಾ ದೌಲತ್. ಅದು 1784ರ ಬೇಸಿಗೆ ಅರಮನೆ, ಕೋಟೆಯ ಹೊರಗಿರೋದು. ಆಡಳಿತ ನಡೀತಿದ್ದ ಅರಮನೆ ಕೋಟೆ ಒಳಗೆ, ರಂಗನಾಥನ ದೇವಸ್ಥಾನದ ಹತ್ತಿರ ಇತ್ತು. ಲಾಲ್ ಮಹಲ್ ಅಂತ ಹೆಸರು.

ಅದು ಬರೀ ಸುಲ್ತಾನನ ಮನೆ ಅಲ್ಲ, ಸರ್ಕಾರಿ ಕಟ್ಟಡ. ಹೀಗೆ ಯಾಕೆ ಹೇಳ್ತೀನಿ ಅಂದ್ರೆ, ಫ್ರಾನ್ಸಿಸ್ ಬುಕಾನನ್ ಅಂತ ಒಬ್ಬ ಡಾಕ್ಟರ್ ಇದ್ದ. ಸೋತ ರಾಜ್ಯದಲ್ಲಿ ಏನೇನಿದೆ ಅಂತ ವರದಿ ಮಾಡೋಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನ ಕಳಿಸಿದ. 1800ರ ಏಪ್ರಿಲ್‌ನಲ್ಲಿ ಇದೇ ಮದ್ರಾಸಿನಿಂದ ಹೊರಟು ಮೇ ತಿಂಗಳಲ್ಲಿ ಪಟ್ಟಣ ಸೇರಿದ. ಟಿಪ್ಪು ಸತ್ತು ಒಂದು ವರ್ಷ ಆಗಿತ್ತು ಅಷ್ಟೆ. ಅರಮನೆ ಇನ್ನೂ ನಿಂತಿತ್ತು, ಅವನು ಒಳಗೆಲ್ಲ ಓಡಾಡಿ ಬರೆದಿದಾನೆ. ಕಲ್ಲು, ಮಣ್ಣಿನ ದಪ್ಪ ಗೋಡೆ ಸುತ್ತುವರಿದ ಭಾರೀ ಕಟ್ಟಡ, ಹೊರಗಿನಿಂದ ನೋಡೋಕೆ ಏನೂ ಚಂದ ಇಲ್ಲ. ಮುಂಭಾಗದಲ್ಲಿ ಕಂದಾಯ ಕಚೇರಿ. ಸುಲ್ತಾನ ಜನಕ್ಕೆ ದರ್ಶನ ಕೊಡ್ತಿದ್ದದ್ದೂ ಅಲ್ಲಿಂದಲೇ. ಒಳಗಿನ ಅಂಗಳಕ್ಕೆ ಹೋಗೋಕೆ ಒಂದು ಇಕ್ಕಟ್ಟಾದ ದಾರಿ, ಆ ದಾರಿಯಲ್ಲಿ ನಾಲ್ಕು ಹುಲಿಗಳನ್ನ ಸರಪಳಿ ಹಾಕಿ ಕಟ್ಟಿದ್ರಂತೆ. ಆಮೇಲೆ ಮಲಗೋ ಕೋಣೆ, ಚಾವಣಿಯಿಂದ ಸರಪಳಿಯಲ್ಲಿ ತೂಗುಬಿಟ್ಟ ಹಾಸಿಗೆ, ಅದರಲ್ಲಿ ಒಂದು ಕತ್ತಿ, ಗುಂಡು ತುಂಬಿದ ಎರಡು ಪಿಸ್ತೂಲು. ಇಷ್ಟು ಅನುಮಾನದಲ್ಲಿ ಮನುಷ್ಯ ನಿದ್ದೆ ಹೇಗೆ ಮಾಡ್ತಿದ್ದನೋ. ನಮಗೆ ಆನ್‌ಕಾಲ್ ಇದ್ದಾಗಲೇ ನಿದ್ದೆ ಬರಲ್ಲ. (ನಗು)

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಟಿಪ್ಪು ಹೆಸರು ಎತ್ತಿದ ತಕ್ಷಣ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನಾಗುತ್ತೆ ಅಂತ ಗೊತ್ತು. ಆ ಜಗಳಕ್ಕೆ ಬೇಕಾದಷ್ಟು ಜನ ಇದಾರೆ. ನನಗೆ ಬೇಕಾಗಿದ್ದು ಕಟ್ಟಡ ಮಾತ್ರ.

ಹುಡುಕೋಕೆ ಶುರು ಮಾಡಿದಾಗ ಮೊದಲು ಸಿಗೋದು ಸಾಮಾನುಗಳು. ಅವು ಎಲ್ಲಾ ಕಡೆ ಇವೆ. 1799ರ ಮೇ 4ರಂದು ಕೋಟೆ ಬಿತ್ತು, ಆ ರಾತ್ರಿಯಿಡೀ ಲೂಟಿ. ಸಿಪಾಯಿಯನ್ನ ಕೆಡವಿಕೊಂಡ ಮರದ ಹುಲಿ ಸಿಕ್ಕಿದ್ದು ಅರಮನೆಯ ಸಂಗೀತದ ಕೋಣೆಯಲ್ಲಿ, ಈಗ ಅದು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಿಂಹಾಸನ ಒಡೆದು ಹಂಚಿಕೊಂಡರು. ಅದರ ಚಿನ್ನದ ದೊಡ್ಡ ಹುಲಿತಲೆ, ಹುಮಾ ಹಕ್ಕಿ ಎರಡೂ ಇಂಗ್ಲೆಂಡ್ ರಾಜಮನೆತನದ ಹತ್ತಿರ. ಸಣ್ಣ ಹುಲಿತಲೆ ಒಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ, ಟಿಪ್ಪುವಿನ ಡೇರೆ ಕೂಡ ಅಲ್ಲೇ. ಪೋವಿಸ್ ಯಾರದ್ದು ಅಂತೀರಿ? ಅದೇ ಎಡ್ವರ್ಡ್ ಕ್ಲೈವನ ಹೆಂಡತಿ ಹೆನ್ರಿಯೆಟ್ಟಾಳ ತವರು. ಸುಮಾರು ಎರಡು ಸಾವಿರ ಪುಸ್ತಕಗಳ ಗ್ರಂಥಾಲಯ ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋಯ್ತು. ಅವನು ತನ್ನ ಕನಸುಗಳನ್ನ ಬರೆದಿಟ್ಟಿದ್ದ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇದೆಲ್ಲ ಚೆನ್ನಾಗಿದೆ, ಆದ್ರೆ ಇದು ಕಟ್ಟಡ ಅಲ್ಲ. ಮನೆ ಖಾಲಿ ಮಾಡಿದ್ರೂ ಮನೆ ಇರುತ್ತೆ. ಹಾಗಾಗಿ ಒಂದು ನಿಯಮ ಹಾಕಿಕೊಂಡೆ. ಹೊತ್ತುಕೊಂಡು ಹೋಗಬಹುದಾದ ವಸ್ತು ಲೆಕ್ಕಕ್ಕಿಲ್ಲ. ಅರಮನೆಯ ಭಾರ ಹೊತ್ತಿದ್ದು ಮಾತ್ರ ಲೆಕ್ಕ. ಕಂಬ, ತೊಲೆ, ಜಂತೆ, ಕಲ್ಲು.

ಊರಿಗೆ ಹೋದಾಗ ಜಾಗ ನೋಡಿದೆ. ಈ ಫೋಟೋ ನೋಡಿ. ಬೇಲಿ, ಹುಲ್ಲು, ಅಡಿಪಾಯದ ಸಾಲು. ಮೊಣಕಾಲೆತ್ತರ. ಪಕ್ಕದಲ್ಲಿ ರಂಗನಾಥನ ಗೋಪುರ ಹಾಗೇ ನಿಂತಿದೆ, ಜನ ಪ್ರಸಾದ ತಿಂದು ಬಂದು ಆ ಬೇಲಿಗೆ ಒರಗಿ ಸೆಲ್ಫಿ ತೆಗೀತಾರೆ. ದೇವಸ್ಥಾನದಲ್ಲಿ ಪೂಜೆ ನಡೀತಾ ಬಂತು, ಅದು ಉಳೀತು. ಕಚೇರಿ ನಿಂತುಹೋಯ್ತು, ಅದು ಹೋಯ್ತು.

ನಾನು ಕಂಡುಕೊಂಡ ಕಾರಣ ಇದೇ. ಯಾರೋ ಸಿಟ್ಟಿನಲ್ಲಿ ಒಂದೇ ದಿನ ಫಿರಂಗಿ ಹೊಡೆದು ಉರುಳಿಸಿರಬೇಕು ಅಂದುಕೊಂಡಿದ್ದೆ. ಹಾಗಲ್ಲ. 1799ರ ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದ್ರು. ರಾಜಧಾನಿ ಮೈಸೂರಿಗೆ ಹೋಯ್ತು. ಟಿಪ್ಪು ಕಾಲದಲ್ಲಿ ಲೆಕ್ಕ ನೋಡ್ತಿದ್ದ ಪೂರ್ಣಯ್ಯನವರೇ ಹೊಸ ರಾಜರ ದಿವಾನರಾದರು. ಅಂದ್ರೆ ಆಡಳಿತ ಅದೇ, ಕೈ ಅದೇ, ಕಟ್ಟಡ ಮಾತ್ರ ಬೇರೆ. ಪಟ್ಟಣದ ದ್ವೀಪವನ್ನ ಕಂಪನಿ ತನ್ನ ಹತ್ತಿರ ಇಟ್ಟುಕೊಂಡಿತು, ದಂಡು ಇಟ್ಟಿತು. ಆದ್ರೆ ಅಲ್ಲಿ ಜ್ವರ ಜಾಸ್ತಿ. ಸಿಪಾಯಿಗಳು ಮಲಗಿದಲ್ಲೇ ಸಾಯ್ತಿದ್ರು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯ್ತು. ನಮ್ಮ ಬೆಂಗಳೂರು ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ಸರ್ಕಾರ ಹೋಯ್ತು, ಸೈನ್ಯ ಹೋಯ್ತು. ಉಳಿದಿದ್ದು ಒಳ್ಳೇ ಮರ ಇರೋ ಒಂದು ಖಾಲಿ ಕಟ್ಟಡ. ಖಾಲಿ ಕಟ್ಟಡದಲ್ಲಿ ಒಳ್ಳೇ ಮರ ಇದ್ರೆ ಏನಾಗುತ್ತೆ ಅಂತ ಹಳ್ಳಿಯಿಂದ ಬಂದವರಿಗೆ ಹೇಳಬೇಕಿಲ್ಲ. ಬಹುಪಾಲು ಕೆಡವಿದ್ರು. ಉಳಿದ ಭಾಗವನ್ನ ಗಂಧದ ಕೊರಡು ಇಡೋ ಉಗ್ರಾಣ ಮಾಡಿಕೊಂಡ್ರು.

ಇದಕ್ಕೆ ಉಲ್ಟಾ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಕೆ.ಆರ್. ಮಾರ್ಕೆಟ್ ಹತ್ತಿರದ ಟಿಪ್ಪು ಅರಮನೆ ನೋಡಿದೀರಲ್ಲ? 1791ರಲ್ಲಿ ಮುಗಿದದ್ದು, ಕಲ್ಲಿನ ಪೀಠದ ಮೇಲೆ ಮರದ ಕಂಬ. ಅದೇ ಮನುಷ್ಯ ಕಟ್ಟಿಸಿದ್ದು, ಅದೇ ಯುದ್ಧ. ಅದು ಯಾಕೆ ಉಳೀತು? ಬ್ರಿಟಿಷರು ಅದನ್ನ ಸರ್ಕಾರಿ ಕಚೇರಿ ಮಾಡಿಕೊಂಡ್ರು. 1868ರಲ್ಲಿ ಅಠಾರಾ ಕಚೇರಿ ಕಟ್ಟಿ ಅಲ್ಲಿಗೆ ಹೋಗೋ ತನಕ ಗುಮಾಸ್ತರು ಟಿಪ್ಪುವಿನ ಕಂಬಗಳ ಮಧ್ಯೆ ಕೂತೇ ಕಡತ ಬರೀತಿದ್ರು. ದರಿಯಾ ದೌಲತ್ ಕೂಡ ಹಾಗೇ, ಯುದ್ಧ ಆದ ಮೇಲೆ ಆರ್ಥರ್ ವೆಲ್ಲೆಸ್ಲಿ ಅಲ್ಲಿ ಸಂಸಾರ ಹೂಡಿದ್ದ. ಯಾರೋ ಇದ್ದರು, ಸೋರಿದಾಗ ಹೆಂಚು ತಿರುಗಿಸಿದ್ರು. ಅಷ್ಟೇ ವ್ಯತ್ಯಾಸ.

ಇನ್ನು, ಕೆಡವಿದವರನ್ನ ಬೈಯೋಕೆ ಮುಂಚೆ ಇದನ್ನೂ ಕೇಳಿ. ಟಿಪ್ಪು ತಾನೇ ಮೈಸೂರಿನ ಹಳೇ ಕೋಟೆ ಕೆಡವಿಸಿ, ಕಲ್ಲುಗಳನ್ನ ಪಕ್ಕದ ಗುಡ್ಡಕ್ಕೆ ಸಾಗಿಸಿ ನಜರಬಾದ್ ಅಂತ ಹೊಸ ಕೋಟೆ ಕಟ್ಟಿಸೋಕೆ ಹೊರಟಿದ್ದ. ಅವನು ಸತ್ತ ಮೇಲೆ ಅದೇ ಕಲ್ಲುಗಳನ್ನ ವಾಪಸ್ ತಂದು ಮೈಸೂರು ಕೋಟೆ ಕಟ್ಟಿದ್ರು. ಹದಿನೈದು ವರ್ಷದ ಒಳಗೆ ಕಲ್ಲು ಹೋಗಿ ಬಂದಿದೆ! ಆ ಎತ್ತುಗಳು ಏನಂದುಕೊಂಡವೋ. ಕಲ್ಲಿಗೆ, ಮರಕ್ಕೆ ನಮ್ಮ ಹಿರಿಯರು ಮರುಬಳಕೆ ಬೆಲೆ ಕಟ್ಟಿದ್ರು, ನೆನಪಿನ ಬೆಲೆ ಅಲ್ಲ. ನೆನಪಿನ ಬೆಲೆ ಕಟ್ಟೋದು ದೂರ ಹೋದ ನಮ್ಮಂಥವರು.

ಸರಿ, ಮರ ಎಲ್ಲಿಗೆ ಹೋಯ್ತು? ಸುಳಿವು ಸಿಕ್ಕಿದ್ದು ಊಟಿಯಲ್ಲಿ.

ಊಟಿಯಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚ್ ಇದೆ, ನೀಲಗಿರಿಯ ಬಹಳ ಹಳೇ ಚರ್ಚುಗಳಲ್ಲಿ ಒಂದು. 1829ರ ಏಪ್ರಿಲ್ 23ರಂದು ಅಡಿಗಲ್ಲು ಹಾಕಿದ್ರು, 1831ರ ಈಸ್ಟರ್ ಹೊತ್ತಿಗೆ ಬಾಗಿಲು ತೆರೀತು. ಮದ್ರಾಸಿನ ಗವರ್ನರ್ ಲುಷಿಂಗ್ಟನ್ ಉತ್ಸಾಹ, ಕ್ಯಾಪ್ಟನ್ ಅಂಡರ್‌ವುಡ್ ಅನ್ನೋ ಇಂಜಿನಿಯರನ ನಕ್ಷೆ. ದೊಡ್ಡ ತೊಲೆಗಳಿಗೆ ತೇಗ ಬೇಕು. ಶ್ರೀರಂಗಪಟ್ಟಣ ಕಂಪನಿ ಕೈಯಲ್ಲೇ ಇದೆ, ಅಲ್ಲಿ ಅರಮನೆ ಬಿದ್ದಿದೆ. ಟಿಪ್ಪುವಿನ ಅರಮನೆಯಿಂದ ಬಿಚ್ಚಿದ ತೊಲೆ, ಮರಮುಟ್ಟನ್ನ ನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ, ಆನೆಗಳ ಕೈಯಲ್ಲಿ ಎಳೆಸಿ ಬೆಟ್ಟ ಹತ್ತಿಸಿದ್ರು.

ಇಲ್ಲಿ ಒಂದು ತೊಡಕಿದೆ. ದ್ವೀಪದಲ್ಲಿ ಅರಮನೆ ಒಂದೇ ಇರಲಿಲ್ಲ. ಕೋಟೆ ಒಳಗಿನ ಲಾಲ್ ಮಹಲ್ ಒಂದು, ದ್ವೀಪದ ಪೂರ್ವ ತುದಿಯಲ್ಲಿ ಗುಂಬಜ್ ಹತ್ತಿರ ಲಾಲ್ ಬಾಗ್ ಅರಮನೆ ಇನ್ನೊಂದು. ಎರಡೂ ಈಗ ಇಲ್ಲ. ಊಟಿಯ ಮರ ಲಾಲ್ ಮಹಲ್‌ನದ್ದು ಅಂತ ಕೆಲವರು ಬರೀತಾರೆ, ಲಾಲ್ ಬಾಗಿನದ್ದು ಅಂತ ಕೆಲವರು. ಟೆಸ್ಟಿಂಗ್‌ನವನಾಗಿ ನಾನು ಈ ಬಗ್‌ನ ಮುಚ್ಚಲ್ಲ, ತೆರೆದೇ ಇಡ್ತೀನಿ.

ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದೆ. ಅಮ್ಮನನ್ನೂ ಕರ್ಕೊಂಡು ಹೋದೆ. ಮೆಟ್ಟುಪಾಳಯಂನಿಂದ ಬಸ್ಸು. ಚರ್ಚು ಹೊರಗಿನಿಂದ ತಿಳಿ ಹಳದಿ, ಸಣ್ಣದು. ಹಿಂದೆ ಗುಡ್ಡದ ಮೇಲೆ ಸಮಾಧಿಗಳು. ಊಟಿ ಕಟ್ಟಿದ ಜಾನ್ ಸಲ್ಲಿವನ್‌ನ ಹೆಂಡತಿ, ಮಗಳ ಸಮಾಧಿ ಅಲ್ಲೇ ಇವೆ. ಒಳಗೆ ಬಣ್ಣದ ಗಾಜಿನ ಕಿಟಕಿ, ಯೇಸುವಿನ ಕಡೇ ಭೋಜನದ ದೊಡ್ಡ ಚಿತ್ರ. ಬಂದವರೆಲ್ಲ ಅದನ್ನ ನೋಡ್ತಿದ್ರು. ನಾವಿಬ್ಬರೇ ಮೇಲೆ ನೋಡ್ತಾ ನಿಂತಿದ್ದು. ಅಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ರು, ಯಾರೂ ಬಿಡು ಅಂದಿರಲಿಲ್ಲ. ಒಂದು ಬೆಂಚಿನಲ್ಲಿ ಕೂತು ಕತ್ತೆತ್ತಿ ಬಹಳ ಹೊತ್ತು ಚಾವಣಿ ನೋಡಿದ್ರು. ಆಮೇಲೆ ಮೆಲ್ಲಗೆ, "ಒಳ್ಳೇ ಮರ. ಚೆನ್ನಾಗಿ ಇಟ್ಕೊಂಡಿದಾರೆ" ಅಂದ್ರು.

ಹೊರಗೆ ಬಂದು ಟೀ ಕುಡೀತಾ ಅಮ್ಮ ಕೇಳಿದ್ರು. "ಇನ್ನೂರು ವರ್ಷದ ಹಿಂದಿನ ರಾಜನ ಮರ ಹುಡುಕಿದೆಯಲ್ಲ. ನಮ್ಮ ಕಂಬ ಎಲ್ಲಿಗೆ ಹೋದ್ವು, ವಿಚಾರಿಸಿದೆಯಾ?"

ಇದನ್ನ ಹೇಳಬೇಕೋ ಬೇಡವೋ ಅಂತ ನಿನ್ನೆ ರಾತ್ರಿವರೆಗೂ ಯೋಚನೆ ಮಾಡಿದೆ. ಹೇಳ್ತೀನಿ.

ನಮ್ಮದೊಂದು ತೊಟ್ಟಿ ಮನೆ ಇತ್ತು. ತೊಟ್ಟಿಯ ಸುತ್ತ ಎಂಟು ಕಂಬ, ಹಲಸಿನ ಮರದ್ದು, ಮೇಲೆ ಹೂವು ಕೆತ್ತಿದ ಬೋದಿಗೆ. ಅಪ್ಪ ಹೋದ ಮೇಲೆ, 2013ರಲ್ಲಿ, ನಾನು, ಅಣ್ಣ ಸೇರಿ ಮಾರಿಬಿಟ್ವಿ. ಅಣ್ಣ ಪುಣೆಯಲ್ಲಿ, ನಾನು ಇಲ್ಲಿ. ರಿಜಿಸ್ಟ್ರೇಷನ್ನಿಗೂ ನಾನು ಹೋಗಲಿಲ್ಲ, ರಿಲೀಸ್ ಇತ್ತು, ಪವರ್ ಆಫ್ ಅಟಾರ್ನಿ ಕಳಿಸಿದೆ. ತಗೊಂಡವರಿಗೆ ಜಾಗ ಬೇಕಿತ್ತು, ಮನೆ ಅಲ್ಲ. ಕೆಡವಿದ್ರು. ಮರವನ್ನ ಹಳೇ ಮರದ ವ್ಯಾಪಾರಿಯೊಬ್ಬರಿಗೆ ಕೊಟ್ರು. ಅವರದ್ದೇನೂ ತಪ್ಪಿಲ್ಲ, ದುಡ್ಡು ಕೊಟ್ಟಿದ್ರು. ಕೆಡವೋ ದಿನ ಯಾರೋ ಫೋನಿನಲ್ಲಿ ವಿಡಿಯೋ ಕಳಿಸಿದ್ರು. ನಾನು ಮೀಟಿಂಗಿನಲ್ಲಿದ್ದೆ, ಸಂಜೆ ನೋಡೋಣ ಅಂದುಕೊಂಡೆ. ಆ ಸಂಜೆ ನೋಡಲಿಲ್ಲ, ಆಮೇಲೂ ನೋಡಲಿಲ್ಲ, ಆ ಫೋನು ಈಗಿಲ್ಲ.

ಮೂರು ವರ್ಷ ಟಿಪ್ಪುವಿನ ತೊಲೆ ಹುಡುಕಿದ ಮನುಷ್ಯ ಸ್ವಂತ ಮನೆ ಕಂಬದ ಬಗ್ಗೆ ಒಂದು ಫೋನು ಮಾಡಿರಲಿಲ್ಲ.

ಊಟಿಯಿಂದ ಬಂದ ಮೇಲೆ ಇಲ್ಲಿ ಬಿಟ್ಟಿದ್ದ ಎರಡು ಕೆಲಸ ಮುಗಿಸಿದೆ. ಕೋಟೆ ಮ್ಯೂಸಿಯಂಗೆ ಹೋಗಿ ಬಂದೆ. ನೀವೂ ಹೋಗಿ, ಒಳಗೆ ಕಾರ್ನ್‌ವಾಲಿಸ್‌ನ ಅಮೃತಶಿಲೆಯ ಪ್ರತಿಮೆ ಇದೆ. ಅದರ ಪೀಠದಲ್ಲಿ 1792ರಲ್ಲಿ ಟಿಪ್ಪು ತನ್ನ ಇಬ್ಬರು ಚಿಕ್ಕ ಮಕ್ಕಳನ್ನ ಒತ್ತೆಯಾಗಿ ಒಪ್ಪಿಸೋ ದೃಶ್ಯ ಕೆತ್ತಿದಾರೆ. ರಾಜಾಜಿ ಹಾಲಿನ ಔತಣದ ಕಾಲದ ದೊಡ್ಡ ದೊಡ್ಡ ಚಿತ್ರಪಟಗಳೂ ಈಗ ಆ ಮ್ಯೂಸಿಯಂನಲ್ಲೇ. ಆಮೇಲೆ ರಾಜಾಜಿ ಹಾಲಿನ ಹತ್ತಿರ ಹೋಗಿ ಹೊರಗಿನಿಂದ ನೋಡಿದೆ. ಅಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಔತಣದ ಹಾಲು ಉಳಿದಿದೆ, ಆದ್ರೆ ಅದು ಯಾರ ಬಂಗಲೆಯದ್ದೋ ಆ ಬಂಗಲೆಯೇ ಇಲ್ಲ. ಟಿಪ್ಪುವನ್ನ ಗೆದ್ದ ಗವರ್ನರ್ ವಿಸ್ತರಿಸಿ ಕಟ್ಟಿಸಿದ್ದ ಹಳೇ ಗೌರ್ನಮೆಂಟ್ ಹೌಸ್ ಅನ್ನ ಹೊಸ ವಿಧಾನಸಭೆ ಕಟ್ಟೋಕೆ ಅಂತ ಕೆಡವಿದ್ರು. ಆ ವಿಧಾನಸಭೆ 2010ರಲ್ಲಿ ಉದ್ಘಾಟನೆ ಆಯ್ತು, ಸರ್ಕಾರ ಬದಲಾಯ್ತು, 2014ರಲ್ಲಿ ಅದು ಆಸ್ಪತ್ರೆ ಆಯ್ತು. ನಮ್ಮ ತಂಡದ ಒಬ್ಬರು ಬೈಪಾಸ್ ಮಾಡಿಸಿಕೊಂಡಿದ್ದು ಅಲ್ಲೇ. ಸೋತವನ ಅರಮನೆಯ ತೊಲೆಯಾದ್ರೂ ಊಟಿಯಲ್ಲಿದೆ. ಗೆದ್ದವನ ಮನೆಯದ್ದು ಒಂದು ಬಾಗಿಲು ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದೀನಿ.

ಕಟ್ಟಡವನ್ನ ಉಳಿಸೋಕೆ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಈ ಫೋಟೋ ತೋರಿಸಿ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ರೈಲಿನ ಜೋಡಿ ಹಳಿಗೆ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಕೆಡವಲಿಲ್ಲ. ಬುಡದಿಂದ ಎತ್ತಿ, ಇಡೀ ಕಟ್ಟಡವನ್ನ ಸುಮಾರು ನೂರು ಮೀಟರ್ ಆಚೆ ತಳ್ಳಿಕೊಂಡು ಹೋಗಿ ಇಟ್ರು. ಈಗ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ಬಲಕ್ಕೋ ಎಡಕ್ಕೋ ಇಣುಕಿದ್ರೆ ಸಾಕು.

ಇನ್ನು ನಮ್ಮ ಕಂಬ. ಮರದ ವ್ಯಾಪಾರಿಯನ್ನ ಪತ್ತೆ ಮಾಡೋಕೆ ನಾಲ್ಕು ತಿಂಗಳು ಹಿಡೀತು. ಅವರು ಹಳೇ ಪುಸ್ತಕ ತೆಗೆದು ನೋಡಿದ್ರು, ಒಳ್ಳೇ ಮನುಷ್ಯ. ಎಂಟರಲ್ಲಿ ನಾಲ್ಕು ಕೊಡಗಿನ ಕಡೆ ಒಂದು ಹೋಂಸ್ಟೇಗೆ ಹೋಗಿವೆ, ಎರಡು ಬೆಂಗಳೂರಿನ ಒಬ್ಬರ ಮನೆಗೆ, ಇನ್ನೆರಡಕ್ಕೆ ಲೆಕ್ಕ ಇಲ್ಲ ಅಂದ್ರು. ಕಳೆದ ತಿಂಗಳು ಕೊಡಗಿಗೆ ಹೋಗಿ ರಾತ್ರಿಗೆ ನಾಲ್ಕೂವರೆ ಸಾವಿರ ಕೊಟ್ಟು ಉಳಿದುಕೊಂಡೆ. ಜಗಲಿಯಲ್ಲಿ ನಾಲ್ಕು ಕಂಬ, ಹೂವಿನ ಬೋದಿಗೆ, ದಪ್ಪ ವಾರ್ನಿಷ್ ಹೊಡೆದು ಮಿರಮಿರ ಅಂತಿದ್ವು. ನಮ್ಮದೇ ಅನ್ನಿಸ್ತು. ಒಂದಕ್ಕೆ ಒರಗಿಕೊಂಡು ಕೂತೆ, ಓನರ್ ಬಂದು ಕಾಫಿ ಬೇಕಾ ಸರ್ ಅಂತ ಕೇಳಿದ್ರು.

ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಬುಡದ ಹತ್ತಿರ ಹಿಡಿ ಅಂದ್ರು, ಹಿಡಿದೆ. ಇನ್ನೊಂದು, ಅಂದ್ರು. ನಾಲ್ಕನ್ನೂ ನೋಡಿ ಅಂದ್ರು: "ಇವಲ್ಲ ಕಣೋ. ನಮ್ಮದರಲ್ಲಿ ಎಮ್ಮೆ ಕೊಂಬು ಉಜ್ಜಿ ಉಜ್ಜಿ ಸವೆದ ಗುಂಡಿ ಇತ್ತು, ಸೊಂಟದ ಎತ್ತರಕ್ಕೆ. ನಿನ್ನ ತಾತ ಅದಕ್ಕೇ ಸುಣ್ಣ ಬಳೀತಿದ್ರು."

ಬೆಂಗಳೂರಿನವರ ನಂಬರ್ ಸಿಕ್ಕಿದೆ. ಯುಗಾದಿಗೆ ಊರಿಗೆ ಹೋಗುವಾಗ ಅವರ ಮನೆಗೆ ಹೋಗಿ ಬರ್ತೀನಿ ಅಂತ ಹೇಳಿದೀನಿ. ಬನ್ನಿ ಅಂದಿದಾರೆ.